ದೊಡ್ಡಮ್ಮನಿಗೆ ಓದಿ ಹೇಳಿದ ಗಿರಣಿಗಳು

ಮನೆಯಲ್ಲಿ ಎಲ್ಲರೂ ಅವಳನ್ನು 'ಡಾಕ್ಟ್ರು' ಎಂದೇ ಕರೆಯುತ್ತಿದ್ದರು. ಪಿಎಚ್‌ಡಿ ಇನ್ನೂ ಬಂದಿರಲಿಲ್ಲ; ಬರುವ ಲಕ್ಷಣವೂ ಇರಲಿಲ್ಲ. ಊರಿನ ನೂಲಿನ ಗಿರಣಿ ಮುಚ್ಚಿದಾಗ ಅಲ್ಲಿ ದುಡಿಯುತ್ತಿದ್ದ ಹೆಂಗಸರು ಏನು ಮಾಡಿದರು ಎಂಬುದು ಅವಳ ಸಂಶೋಧನೆ. ಆ ಹೆಂಗಸರಲ್ಲಿ ಈಗ ಬದುಕಿದ್ದವಳು ಅವಳ ದೊಡ್ಡಮ್ಮ ಒಬ್ಬಳೇ, ಅದೇ ಮನೆಯ ನಡುಕೋಣೆಯ ಮಂಚದ ಮೇಲೆ.

ಆದರೆ ಕೇಳುವಂತಿಲ್ಲ. "ಪೂರ್ವಸಾಹಿತ್ಯ ಸಮೀಕ್ಷೆ ಮುಗೀಲಮ್ಮ. ಹಿಂದಿನವರು ಬರೆದದ್ದೆಲ್ಲ ಓದು, ಆಮೇಲೆ ಜನರ ಹತ್ರ ಹೋಗು," ಎಂದು ಮಾರ್ಗದರ್ಶಕರು ಕಡ್ಡಿ ಮುರಿದಂತೆ ಹೇಳಿದ್ದರು. ಅಧ್ಯಾಯ ಕೊಟ್ಟಾಗಲೆಲ್ಲ ಆ ಮಹಾನುಭಾವರು ಅಂಚಿನಲ್ಲಿ 'ಇನ್ನೂ ಓದಬೇಕು' ಎಂದು ಗೀಚಿ ವಾಪಸು ಕೊಡುತ್ತಿದ್ದರು. ಅವಳು ಓದಿದಳು. ಎಲ್ಲೆಲ್ಲಿಯದೋ ಗಿರಣಿಗಳು, ಯಾವ ಯಾವುದೋ ದೇಶದ ಮುಷ್ಕರಗಳು. ಸಂಜೆ ಅನ್ನಕ್ಕಿಟ್ಟು, ಓದಿದ್ದು ತಲೆಗೆ ಹತ್ತಿದೆಯೇ ಎಂದು ನೋಡಲು ದೊಡ್ಡಮ್ಮನಿಗೆ ಕತೆಯಂತೆ ಹೇಳುತ್ತಿದ್ದಳು. ಕಣ್ಣು ಮಂಜಾಗಿದ್ದ ಮುದುಕಿಗೂ ಹೊತ್ತು ಹೋಗುತ್ತಿತ್ತು.

ಮೊದಮೊದಲು ದೊಡ್ಡಮ್ಮ ಸುಮ್ಮನಿರುತ್ತಿರಲಿಲ್ಲ. "ನಮ್ಮಲ್ಲಿ ಹಾಗಲ್ಲ ಕಣೇ. ಗೇಟು ಮುಚ್ಚಿದ ದಿನ ನಾವೆಲ್ಲ ಸೇರ್ಕೊಂಡು..."

"ಈಗ ಬೇಡ ದೊಡ್ಡಮ್ಮ. ಈಗ್ಲೇ ಹೇಳಿದ್ರೆ ನನ್ನ ಕೆಲಸ ಕೆಡತ್ತೆ. ಆಮೇಲೆ ನಾನೇ ಕೇಳ್ತೀನಿ, ರೆಕಾರ್ಡರ್ ಇಟ್ಕೊಂಡು."

"ನಿನ್ನ ಆಮೇಲೆ ಬರೋ ಹೊತ್ತಿಗೆ ನಾನಿರ್ಬೇಕಲ್ಲ," ಎಂದು ದೊಡ್ಡಮ್ಮ ನಕ್ಕಳು. ಬರಬರುತ್ತ ನಡುವೆ ಬಾಯಿ ಹಾಕುವುದನ್ನೇ ಬಿಟ್ಟಳು. ನಮ್ಮ ಜಾಣೆಗೆ ಅದು ಅನುಕೂಲವೇ ಆಯಿತು.

ವರ್ಷಗಳು ಕಳೆದು ಸಮೀಕ್ಷೆಗೆ ಕೊನೆಗೂ ಒಪ್ಪಿಗೆ ಬಿತ್ತು. ಅವಳು ಓಡೋಡಿ ಬಂದು, ದಿಂಬಿನ ಪಕ್ಕ ರೆಕಾರ್ಡರ್ ಇಟ್ಟು, ಗೇಟು ಮುಚ್ಚಿದ ದಿನದ ಬಗ್ಗೆ ಕೇಳಿದಳು.

ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಹೆಂಗಸರು ಗೇಟಿಗೆ ಅಡ್ಡಲಾಗಿ ಮಲಗಿದ್ದು, ಬಂದರಿನ ಕೂಲಿಗಳು ಬಂದು ಜೊತೆಗೂಡಿದ್ದು, ಹಡಗುಗಳೆಲ್ಲ ನಿಂತುಹೋದದ್ದು. ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು.

ಅದು ಇವಳೇ ಹಿಂದೆ ಓದಿ ಹೇಳಿದ್ದ ಪ್ರಬಂಧ. ಈ ಊರಿನ ಹತ್ತಿರದಲ್ಲೆಲ್ಲೂ ಸಮುದ್ರವೇ ಇಲ್ಲ.

"ದೊಡ್ಡಮ್ಮ, ಅದು ಬೇರೆ ಊರಿಂದು. ನಮ್ಮ ಗಿರಣೀದು ಹೇಳು. 'ನಾವೆಲ್ಲ ಸೇರ್ಕೊಂಡು' ಅಂತಿದ್ದೆಯಲ್ಲ ಆವತ್ತು. ಸೇರ್ಕೊಂಡು ಏನ್ಮಾಡಿದ್ರಿ?"

"ಹಾಗಂದಿದ್ನಾ?"

ದೊಡ್ಡಮ್ಮನಿಗೆ ಅದು ನೆನಪಿಗೆ ಬರಲಿಲ್ಲ. ಬೆರಳುಗಳು ಮಾತ್ರ ಹೊದಿಕೆಯ ಅಂಚಿನಲ್ಲಿ ಕಡಿದಿದ್ದ ನೂಲನ್ನು ತಾವಾಗಿಯೇ ಹೊಸೆದು ಕೂಡಿಸುತ್ತಿದ್ದವು. ಅದನ್ನು ನೋಡುತ್ತ ಇವಳಿಗೆ ತನ್ನ ಓದಿನ ಮೇಲೇ ಹೇಸಿಗೆಯಾಯಿತು. ಕಣ್ಣು ತುಂಬಿ ಬಂತು.

ಇವಳು ಮೂಗೆಳೆದುಕೊಂಡ ಸದ್ದು ಮುದುಕಿಗೆ ಕೇಳಿಸಿರಬೇಕು. ತಡವಿ ಅವಳ ಕೈ ಹಿಡಿದುಕೊಂಡಳು.

"ನೀನೇ ಹೇಳಮ್ಮ," ಎಂದಳು. "ಅಷ್ಟೆಲ್ಲ ಓದಿದ್ದೀಯ."