ಅಮಾವಾಸ್ಯೆಯಂದೇ ಮನೆ ನೋಡುವ ಗುಡ್ಡಪ್ಪ

ಕೋಟೆಗೆ ಲಗ್ಗೆ ಹಾಕಲು ರಾಜರು ವಿಜಯದಶಮಿಯನ್ನು ಕಾಯುತ್ತಿದ್ದರಂತೆ. ಮನೆಗೆ ಲಗ್ಗೆ ಹಾಕಲು ಗುಡ್ಡಪ್ಪ ಅಮಾವಾಸ್ಯೆಯನ್ನು ಕಾಯುತ್ತಿದ್ದ. ಆ ದಿನ ಬಗಲಿಗೆ ಛತ್ರಿ ಸಿಕ್ಕಿಸಿಕೊಂಡು, ಬಲಗೈಯ ನಡುಬೆರಳನ್ನು ಮಡಚಿ ಗೆಣ್ಣು ಮುಂದೆ ಮಾಡಿ ಅವನು ಹೊಸ್ತಿಲು ದಾಟಿದರೆ ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಗೋಡೆಗಳೆಲ್ಲ ಸುಣ್ಣ ಉದುರಿಸುತ್ತಿದ್ದವು ಎಂದು ಹೇಳುವವರಿದ್ದಾರೆ. ಗೆಣ್ಣಿನಿಂದ ಗೋಡೆ ಬಡಿದು, ಕಿವಿ ಹಚ್ಚಿ, ಆಮೇಲೆ ಮೂಗು ಹಚ್ಚಿ, ಕೊನೆಗೆ ಒಂದೊಂದು ಸಲ ನಾಲಿಗೆಯನ್ನೂ ಹಚ್ಚುತ್ತಿದ್ದ. ಸವಣೂರಿನಲ್ಲಿ ಒಂದು ಗೋಡೆ ಅವನು ಮೂಸುತ್ತಿದ್ದಂತೆ ತಾನೇ ಬಿದ್ದಿತ್ತು. ಅದು ಹಿಂದಿನ ದಿನವೇ ಬೀಳಬೇಕಾಗಿದ್ದ ಗೋಡೆ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ವೀರ ಹೊಟ್ಟೆಪಾಡಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದ. ವರ್ಗವಾದ ಊರಿಗೆಲ್ಲ ಹೆಂಡತಿ ನಾಗರತ್ನಾಳನ್ನು ಕಟ್ಟಿಕೊಂಡು ಬಾಡಿಗೆ ಮನೆ ಹೊಕ್ಕ. ಶಿಗ್ಗಾಂವಿಯ ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಹಿಡಿದಿತ್ತು. ಅಲ್ಲಿ ನಾಗರತ್ನಾಳಿಗೆ ಹತ್ತಿದ ದಮ್ಮು ಮತ್ತೆ ಇಳಿಯಲಿಲ್ಲ. ಅವಳು ಗಂಡನಿಂದ ಬಂಗಾರ ಕೇಳಿದವಳಲ್ಲ. "ನೆಟ್ಟಗ ಉಸರಾಡೂವಂಥ ಒಂದು ಮನೀ ಮಾಡಿಕೊಡ್ರಿ, ಸಾಕು" ಎಂದಿದ್ದಳು. ನಿವೃತ್ತಿಯ ದಿನ ಅವನು ಮಾಡಿಕೊಡುವೆನೆಂದು ಅವಳಿಗೆ ಮಾತು ಕೊಟ್ಟ.

ಅಂದಿನಿಂದ ಅವನು ಗೋಡೆಗಳ ವೈರಿಯಾದ. ಅಮಾವಾಸ್ಯೆಯ ಹಿಂದೆ ಅವನದೊಂದು ಸಿದ್ಧಾಂತವಿತ್ತು. ಆ ದಿನ ಮನೆ ನೋಡಲು ಯಾರೂ ಬರುವುದಿಲ್ಲವಾದ್ದರಿಂದ ಮಾಲೀಕ ಮೈಮರೆತಿರುತ್ತಾನೆ. ಗೋಡೆಗೆ ಕ್ಯಾಲೆಂಡರ್ ಹಾಕಿ ಬಿರುಕು ಮುಚ್ಚಿರುವುದಿಲ್ಲ, ಊದಿನಕಡ್ಡಿ ಹಚ್ಚಿ ಗಟಾರದ ವಾಸನೆ ಮರೆಸಿರುವುದಿಲ್ಲ. "ಅಮಾಸಿಗೆ ಚಂದ ಕಂಡ ಮನೀ ವರ್ಷಪೂರ್ತಿ ಚಂದ" ಎನ್ನುತ್ತಿದ್ದ. ಮಂದಿ ತಲೆದೂಗಿದರು. ತಮಗೆ ಮನೆ ಬೇಕಾದಾಗಲೂ ಅವನನ್ನೇ ಕರೆದೊಯ್ದರು. ಅವನು ಪುಕ್ಕಟೆ ಬರುತ್ತಿದ್ದ, ಬಂದು ವ್ಯವಹಾರ ಮುರಿಯುತ್ತಿದ್ದ. ಹಾನಗಲ್ಲಿನ ಒಂದು ಮನೆಯ ನಡುವೆ ನಿಂತು, ಮಾರುವವರು ಚಹಾ ತರುತ್ತಿರುವಾಗಲೇ, "ಇಲ್ಲಿ ಕುರಿ ಕಟ್ಟಿದ್ರ ಕುರೀಗೂ ನೆಗಡಿ ಆಕ್ಕೈತಿ" ಎಂದ. ಕೊಳ್ಳಲು ಬಂದವರು ಚಹಾ ಮುಟ್ಟದೆ ಎದ್ದರು. ಮಗಳ ಮದುವೆಗೆಂದು ಆ ಮನೆ ಮಾರುತ್ತಿದ್ದವನು ಮಾಲತೇಶ. ಅವನು ತಟ್ಟೆಯಲ್ಲಿದ್ದ ಅಷ್ಟೂ ಕಪ್ ಚಹಾವನ್ನು ಒಬ್ಬನೇ ಕುಡಿದ.

ಮಾಲತೇಶನಿಗೆ ಹಿರೇಕೆರೂರಿನಲ್ಲಿಯೂ ಒಂದು ಮನೆಯಿತ್ತು. ವರ್ಷಗಳ ನಂತರ ಅದನ್ನು ಮಾರಲು ಹೊರಟಾಗ ಅವನು ಗುಡ್ಡಪ್ಪನಿಗೇ ಫೋನ್ ಮಾಡಿದ.

"ನೀವು ನೋಡಿದ ಮ್ಯಾಲೆ ಉಳದವರಿಗೆ ತೋರಸ್ತೇನ್ರಿ. ಯಾವತ್ತ ಬರ್ತೀರಿ?"

"ನಾ ಯಾವತ್ತ ಬರ್ತೇನಿ ಅಂತ ನಿಮಗ ಗೊತ್ತಿಲ್ಲೇನು?"

"ಗೊತ್ತೈತ್ರಿ" ಎಂದ ಮಾಲತೇಶ. "ಅದಕ್ಕ ಫೋನ್ ಹಚ್ಚೇನಿ."

ಅಮಾವಾಸ್ಯೆಗೆ ಗುಡ್ಡಪ್ಪ ಬಂದ. ಹಬ್ಬದ ಶುಚಿಗೆ ಅಂಗಳ, ಕಟ್ಟೆ, ಕಿಟಕಿಯ ಸರಳುಗಳನ್ನೆಲ್ಲ ತೊಳೆದಿದ್ದರು. ತುಳಸಿಯ ಎಲೆಗಳು ಮಿಂಚುತ್ತಿದ್ದವು. ಗೋಡೆ ಬಡಿದ, ಗಟ್ಟಿ. ಮೂಸಿದ, ಒಣ. ನೆಕ್ಕಿದ, ನಿರ್ದೋಷಿ. ಕಾಗದಪತ್ರ ಸ್ವಚ್ಛ, ನಲ್ಲಿಯಲ್ಲಿ ನೀರು, ಗಟಾರಕ್ಕೆ ಇಳಿಜಾರು. ಹಿತ್ತಲಿನಾಚೆ ತಗಡಿನ ದೊಡ್ಡ ಶೆಡ್ಡು ಇತ್ತು, ಬಾಗಿಲು ಮುಚ್ಚಿತ್ತು. ಒಳಗಿನಿಂದ ತೆಂಗಿನಕಾಯಿ ಒಡೆದ ಸದ್ದು, ಕರ್ಪೂರದ ವಾಸನೆ ಬಂದವು.

"ಹಿಂದ ಗುಡಿ ಐತೇನ್ರಿ?"

"ಗುಡಿ ಅಲ್ರಿ, ಮೆಕ್ಕಿಜೋಳ ಇಡೂ ಶೆಡ್ಡು. ಅಮಾಸಿಗೊಮ್ಮೆ ಪೂಜಾ ಮಾಡ್ತಾರ."

ಈ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. "ದೈವಭಕ್ತಿ ಇದ್ದ ನೆರಿ" ಎಂದು ಗುಡ್ಡಪ್ಪ ಸಂತೋಷಪಟ್ಟ. ಎದುರು ಮನೆಯ ಫರ್ಜಾನಾ ಹೊಲಿಗೆಯ ಮಷೀನು ಬಿಟ್ಟು ಬಾಗಿಲಿಗೆ ಬಂದಳು.

"ಅಣ್ಣಾರ, ಇವತ್ತ ಯಾಕ ನೋಡಾಕ ಬಂದ್ರಿ? ನಾಳೆ ಒಂದ್ಸಲ ಬಂದು..."

"ತಂಗಿ, ನೀ ಅರಿವಿ ಹೊಲಿ. ಮನೀ ನೋಡೂದ ನನಗ ಕಲಿಸಬ್ಯಾಡ."

ಫರ್ಜಾನಾ ಒಳಗೆ ಹೋಗಿ ಅರಿವೆ ಹೊಲಿಯತೊಡಗಿದಳು. ಓಣಿಯಲ್ಲಿ ಬೇರೆ ಯಾರಿಗೂ ಬಾಯಿ ಬರಲಿಲ್ಲ. ಮೂಲೆಯ ಕಟ್ಟೆಯ ಮೇಲೆ ಕುಳಿತ ನಾವೆಲ್ಲ ಆಕಾಶ ನೋಡುತ್ತ ಕಾಲು ಅಲ್ಲಾಡಿಸುತ್ತಿದ್ದೆವು. ಜ್ಞಾನಿಗೆ ಜ್ಞಾನ ಹೇಳುವ ಪಾಪ ನಮಗೇಕೆ? ಗುಡ್ಡಪ್ಪ ಮುಂದಿನ ಅಮಾವಾಸ್ಯೆಗೂ ಬಂದು ಪರೀಕ್ಷೆ ಮಾಡಿದ. ಭೂಮಿಯ ಮೇಲೆ ಇಷ್ಟು ಶಾಂತವಾದ, ಇಷ್ಟು ಸ್ವಚ್ಛ ಗಾಳಿಯ ಜಾಗವಿಲ್ಲ ಎಂದು ಘೋಷಿಸಿ ಖರೀದಿ ಮಾಡಿದ.

ಗೃಹಪ್ರವೇಶದ ದಿನ ನಸುಕಿನಲ್ಲೇ ಹೋಮ ಮುಗಿಯಿತು. ನಾಗರತ್ನಾ ಹೊಸ ಸೀರೆ ಉಟ್ಟು ಪಂಕ್ತಿಗೆ ಹುಗ್ಗಿ ಬಡಿಸುತ್ತಿದ್ದಳು. ಆಗ ಹಿತ್ತಲಿನಾಚೆ ಯಾರೋ ಗುಂಡಿ ಒತ್ತಿದರು. ಮೊದಲು ನೆಲ ನಡುಗಿತು, ಆಮೇಲೆ ತಗಡು ಗುಡುಗಿತು, ಆಮೇಲೆ ಹಳದಿ ಮೋಡವೊಂದು ಗೋಡೆ ಹಾರಿ ಬಂದು ಹುಗ್ಗಿಯ ಮೇಲೆ, ಭಟ್ಟರ ಜನಿವಾರದ ಮೇಲೆ, ಗುಡ್ಡಪ್ಪನ ರೇಷ್ಮೆ ಶಲ್ಯದ ಮೇಲೆ ಸಮನಾಗಿ ಕುಳಿತಿತು. ಶೆಡ್ಡಿನಲ್ಲಿ ಮೆಕ್ಕೆಜೋಳ ಬೀಸಿ ಕೋಳಿಯ ಆಹಾರ ಮಾಡುತ್ತಿದ್ದರು. ನಮ್ಮ ಕಡೆ ಅಮಾವಾಸ್ಯೆಯಂದು ಎತ್ತಿಗೆ ನೊಗ ಹೇರುವುದಿಲ್ಲ, ಗೌಂಡಿ ಕರಣೆ ಮುಟ್ಟುವುದಿಲ್ಲ, ಗಿರಣಿಯ ಪಟ್ಟಾ ತಿರುಗುವುದಿಲ್ಲ. ಯಂತ್ರ ತೊಳೆದು ಕಾಯಿ ಒಡೆದು ಮನೆಗೆ ಹೋಗುತ್ತಾರೆ. ಉಳಿದ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಬೀಸುತ್ತಾರೆ. ಇದು ಹಾಲು ಕುಡಿಯುವ ಕೂಸಿಗೂ ಗೊತ್ತು. ಗುಡ್ಡಪ್ಪನಿಗೂ ಗೊತ್ತಿತ್ತು, ಗೋಡೆ ನೆಕ್ಕುವ ಭರದಲ್ಲಿ ನೆನಪಾಗಿರಲಿಲ್ಲ.

ಊಟಕ್ಕೆ ಬಂದಿದ್ದ ಮಾಲತೇಶ ಎಲೆಯ ಮೇಲಿನ ಹಿಟ್ಟನ್ನು ಊದಿ ಹುಗ್ಗಿ ಪೂರ್ತಿ ತಿಂದ. "ಕುರೀಗೆ ನೆಗಡಿ ಆಗೂದಿಲ್ರಿ ಇಲ್ಲಿ. ಕೋಳಿ ಮಾತ್ರ ದಪ್ಪ ಆಕ್ಕಾವ" ಎಂದು ಕೈ ತೊಳೆದು ಹೋದ.

ನಾಗರತ್ನಾ ಸವಟು ಹಿಡಿದುಕೊಂಡೇ ಗೋಡೆಗೆ ಒರಗಿ ಕುಳಿತಿದ್ದಳು. ಎದೆ ಸಿಳ್ಳೆ ಹಾಕುತ್ತಿತ್ತು. ಮಾತು ಬರುವಷ್ಟು ಉಸಿರು ಕೂಡಿದ ಮೇಲೆ ಹೇಳಿದಳು: "ಶಿಗ್ಗಾಂವ್ಯಾಗ ಗೋಡಿಗಷ್ಟ ಬೂಷ್ಟ ಇತ್ರಿ. ಇಲ್ಲಿ ಗಾಳಿಗೇ ಹಿಟ್ಟ ಹಚ್ಯಾರ."

ಗುಡ್ಡಪ್ಪ ಯುದ್ಧ ಸಾರಿದ. ಕಿಟಕಿಗೆ ಹಸಿ ಸೀರೆ ಕಟ್ಟಿದ. ಸೀರೆ ರೊಟ್ಟಿಯಂತೆ ಗಟ್ಟಿಯಾಯಿತು. ಗಿರಣಿಯವರ ಬಳಿ ಜಗಳಕ್ಕೆ ಹೋದ. "ನಾವು ನಿಮಗಿಂತ ಮದಲ ಬಂದೇವ್ರಿ. ಬಾಗಲಾ ತಗದು ನೋಡಬೇಕಿತ್ತು" ಎಂದು ಅವರು ಚಹಾ ಕುಡಿಸಿ ಕಳಿಸಿದರು. ಒಂದು ರಾತ್ರಿ ನಾಗರತ್ನಾಳನ್ನು ದವಾಖಾನೆಗೆ ಹೊತ್ತುಕೊಂಡೇ ಹೋಗಬೇಕಾಯಿತು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ; ಗೊಟಗೋಡಿಯ ಅಕ್ಕನ ಮನೆಗೆ ಹೋದಳು.

"ಆ ಮನೀ ಮಾರಿ ಹೇಳ್ರಿ, ಬರ್ತೇನಿ. ಅಲ್ಲೀತನಕ ಇಲ್ಲೇ ಉಸರಾಡ್ತಿರ್ತೇನಿ."

ಮಾರುವುದು ಯಾರಿಗೆ? ಬುಧವಾರ ಬಂದವರು ಕೆಮ್ಮಿ ಹೋದರು, ಗುರುವಾರ ಬಂದವರು ಓಣಿಯ ತಿರುವಿನಿಂದಲೇ ಹಿಂದಿರುಗಿದರು. ಗುಡ್ಡಪ್ಪ ಒಬ್ಬನೇ ಅನ್ನ ಬೇಯಿಸಿಕೊಂಡು, ಅನ್ನದ ಮೇಲಿನ ಹಿಟ್ಟು ತೆಗೆದುಕೊಂಡು ಉಣ್ಣುತ್ತಿದ್ದ. "ಏನ್ ಗುಡ್ಡಪ್ಪಣ್ಣ, ಇವತ್ತ ಗಾಳಿ ರುಚಿ ಹೆಂಗೈತಿ?" ಎಂದು ನಾವು ಕಟ್ಟೆಯಿಂದ ಕೇಳುತ್ತಿದ್ದೆವು. ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ.

ಕೊನೆಗೆ ಸವಣೂರಿನಿಂದ ಸುನೀಲ ಎಂಬ ಹುಡುಗ ಬಂದ. ಗುಡ್ಡಪ್ಪನ ಕೀರ್ತಿ ಕೇಳಿ ಬೆಳೆದವನು. ಬೆರಳು ಮಡಚಿಕೊಂಡೇ ಬೈಕಿನಿಂದ ಇಳಿದ.

"ನೀವು ಹೇಳಿದಂಗ ಅಮಾಸಿಗೇ ಬಂದೇನ್ರಿ ಗುರುಗಳ. ನಮ್ಮವ್ವಗ ಸಪ್ಪಳ ಆಗಿಬರೂದಿಲ್ಲ, ಸಣ್ಣ ಸಪ್ಪಳಕ್ಕೂ ಎದಿ ಹೊಡಕೋತೈತಿ. ಶಾಂತ ಮನೀ ಬೇಕಾಗಿತ್ತು."

ಕಟ್ಟೆಯ ಮೇಲೆ ನಮ್ಮ ಕಾಲುಗಳು ಅಲ್ಲಾಡುವುದನ್ನು ನಿಲ್ಲಿಸಿದವು. ಗುಡ್ಡಪ್ಪ ಅಂದು ನಸುಕಿನಲ್ಲೆದ್ದು ಅಂಗಳ, ಕಟ್ಟೆ, ಸರಳು ಎಲ್ಲವನ್ನೂ ತೊಳೆದಿದ್ದ. ತುಳಸಿಯ ಎಲೆಗಳನ್ನು ಒಂದೊಂದಾಗಿ ಒರೆಸಿದ್ದ. ಸುನೀಲ ಗೋಡೆ ಬಡಿದ, ಮೂಸಿದ, ಕಣ್ಣು ಮುಚ್ಚಿ ಆ ಮೌನವನ್ನು ಕೇಳಿದ.

"ಗುಬ್ಬಿ ಸಪ್ಪಳ ಸುದ್ದಾ ಕೇಳಸ್ತೈತಲ್ರಿ. ಇಂಥಾ ಮನೀ ಯಾಕ ಮಾರಾಕತ್ತೀರಿ?"

"ಹೆಂಡ್ತಿ ಗೊಟಗೋಡ್ಯಾಗ ಅದಾಳ. ಆ ಕಡೆನ ಇರೂನು ಅಂತ."

ಎದುರಿನ ಬಾಗಿಲಲ್ಲಿ ಫರ್ಜಾನಾ ಬಾಯಿ ತೆರೆದಳು. ಗುಡ್ಡಪ್ಪ ಅವಳ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ಸುನೀಲ ಅದನ್ನು ನೆರೆಯವರಿಗೆ ನಮಸ್ಕಾರವೆಂದು ತಿಳಿದು ತಾನೂ ಕೈ ಮುಗಿದ. ಫರ್ಜಾನಾ ಬಾಯಿ ಮುಚ್ಚಿಕೊಂಡಳು. ನಾವಂತೂ ತೆರೆದೇ ಇರಲಿಲ್ಲ. ಹುಡುಗ ಮುಂಗಡ ಕೊಟ್ಟು, ಗುರುವಿನ ಕಾಲು ಮುಟ್ಟಿ, ಅವ್ವನಿಗೆ ಫೋನಿನಲ್ಲಿ ಶುಭ ಸುದ್ದಿ ಹೇಳುತ್ತ ಹೋದ.

ನಾವು ಕಟ್ಟೆ ಇಳಿದು ಸುತ್ತುಗಟ್ಟಿದೆವು. ಸಿದ್ಧಾಂತಿಯ ಬಾಯಿಂದ ಈಗೊಂದು ಹೊಸ ಸಿದ್ಧಾಂತ ಉದುರಲೇಬೇಕಿತ್ತು. ಕೇಳಿದವಳು ಮಾತ್ರ ಫರ್ಜಾನಾ.

"ಗುರುಗಳು ಅಂತ ಕಾಲ ಮುಟ್ಟಿದ್ನಲ್ಲ ಅಣ್ಣಾರ. ಅವಗ ಒಂದು ಮಾತು ಹೇಳಬಾರದಿತ್ತೇನು?"

ಗುಡ್ಡಪ್ಪ ಚಪ್ಪಲಿ ಹುಡುಕುತ್ತಿದ್ದ. ಗೊಟಗೋಡಿಯ ಕಡೆ ಹೋಗುವ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

"ಆಕಿ ವಾಪಸ್ ಬರಬೇಕಲ್ಲವಾ" ಎಂದ.