ಬೆಲ್ಲಕ್ಕೆ ನಿಲ್ಲುವ ಕುದುರೆ

ಭಾವ ತೀರಿಕೊಂಡ ಮೇಲೆ ಬಂದವರೆಲ್ಲ ಅವರ ಧೈರ್ಯದ ಮಾತಾಡಿದರು. ಕರಡಿ, ಕಾಳಿಂಗ, ಕತ್ತಲ ಕಾಡು ಎಲ್ಲವೂ ಬಂದವು. ನನಗೆ ಮಾತ್ರ ನೆನಪಾಗುವುದು ಅವರು ಕುಡಿದ ಮಜ್ಜಿಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ವಾನಳ್ಳಿಯ ಕಡೆಯಿಂದ ಕಣಿವೆಗಿಳಿದು ಜಲಪಾತದವರೆಗೆ ಪೇಟೆಯವರನ್ನು ನಡೆಸಿಕೊಂಡು ಹೋಗುವುದು ಅವರ ಕಸುಬು. ಹಿಂದೆ ಅದೇ ದಾರಿಯಲ್ಲಿ ಕೋವಿ ಹಿಡಿದವರು ಹೋಗುತ್ತಿದ್ದರಂತೆ. ಭಾವನ ಕಾಲಕ್ಕೆ ಬರುವವರ ಕೈಯಲ್ಲಿ ಕ್ಯಾಮೆರಾ ಇರುತ್ತಿತ್ತು. ಆದರೂ ಭಾವ ತಮ್ಮ ಕೆಲಸವನ್ನು ಶಿಕಾರಿ ಎಂದೇ ಕರೆಯುತ್ತಿದ್ದರು. ಅವರು ಈರುಳ್ಳಿಯನ್ನೂ ತಿನ್ನದ ಮನುಷ್ಯ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿರಸಿಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದೆ. ಅದನ್ನು ಬಿಟ್ಟು ಭಾವನ ಹತ್ತಿರ ಕೆಲಸ ಕಲಿಯಲು ಹೋದೆ. ನನಗೆ ಬೇಕಾಗಿದ್ದು ಒಂದೇ: ತಂಡದ ಸಾಮಾನು ಹೊರುವ ಕುದುರೆಯ ಹಗ್ಗ ನನ್ನ ಕೈಗೆ ಬರಬೇಕು, ನಾನೊಬ್ಬನೇ ತಂಡ ಕರೆದುಕೊಂಡು ಹೋಗಬೇಕು. ಪಾಸಾದ ದಿನ ಹಗ್ಗ ನಿನ್ನದು ಎಂದು ಭಾವ ಹೇಳಿದ್ದರು. ಪರೀಕ್ಷೆ ಯಾವುದೆಂದು ಹೇಳಿರಲಿಲ್ಲ.

ಕುದುರೆ ಗಿಡ್ಡ, ಕಂದು ಬಣ್ಣದ್ದು. ಧಾರವಾಡದ ಕಡೆಯ ಕುರಿಗಾರರಿಂದ ಕೊಂಡಿದ್ದು. ಹೊಟ್ಟೆಗೆ ಪಟ್ಟಿ ಬಿಗಿಯುವಾಗ ಅದು ಉಸಿರೆಳೆದು ಹೊಟ್ಟೆ ಉಬ್ಬಿಸಿಕೊಳ್ಳುತ್ತಿತ್ತು. ನಾವು ಗಂಟು ಹಾಕಿ ಮುಗಿಸಿದ ಮೇಲೆ ನಿಧಾನಕ್ಕೆ ಉಸಿರು ಬಿಡುತ್ತಿತ್ತು, ಪಟ್ಟಿ ಸಡಿಲ. ಹಾಗಾಗಿ ಗಂಟು ಹಾಕುವ ಮೊದಲು ಅದರ ಪಕ್ಕ ನಿಂತು ಏನಾದರೂ ಮಾತಾಡುತ್ತ ಕಾಯಬೇಕು. ಭಾವ ಅಡಿಕೆ ಧಾರಣೆ ಮಾತಾಡುತ್ತಿದ್ದರು. ನಾನು ಸೀರೆಯ ಸುದ್ದಿ ಹೇಳಿದರೆ ಅದು ಉಸಿರು ಬಿಡುತ್ತಲೇ ಇರಲಿಲ್ಲ.

ಹೇರುವುದೂ ಸುಲಭವಲ್ಲ. ಎರಡೂ ಬದಿಯ ಚೀಲ ನೋಡಲು ಸಮವಾಗಿವೆ ಎಂದು ಒಂದರಲ್ಲಿ ಮೊಗೆಕಾಯಿ ಎಂಬ ದಪ್ಪ ಸೌತೆ, ಇನ್ನೊಂದರಲ್ಲಿ ಅವಲಕ್ಕಿ ತುಂಬಿದೆ. ಮೊದಲ ಇಳಿಜಾರಿನಲ್ಲೇ ಜೀನು ತಿರುಗಿ ಹೊಟ್ಟೆಯ ಕೆಳಗೆ ಹೋಯಿತು. ಮೊಗೆಕಾಯಿಗಳು ನಮಗಿಂತ ಮೊದಲು ಕಣಿವೆ ತಲುಪಿದವು. ಆ ರಾತ್ರಿ ತಂಡದವರಿಗೆ ಬರೀ ಅವಲಕ್ಕಿ.

ಇಷ್ಟೆಲ್ಲ ಕಲಿತೆ. ಆದರೆ ಭಾವ ದಾರಿಯ ಪ್ರತಿ ಮನೆಯ ಅಂಗಳದಲ್ಲೂ ನಿಲ್ಲುವುದು ನನಗೆ ಸೋಮಾರಿತನ ಅನಿಸುತ್ತಿತ್ತು. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಆಸ್ರಿ ಕೊಡುತ್ತಾರೆ: ಬೆಲ್ಲ ನೀರು, ಇಲ್ಲವೇ ಮಜ್ಜಿಗೆ. ಭಾವ ಒಂದನ್ನೂ ಬೇಡ ಎನ್ನುತ್ತಿರಲಿಲ್ಲ. ತಮ್ಮ ಬೆಲ್ಲದಲ್ಲಿ ಅರ್ಧ ಮುರಿದು ಕುದುರೆಗೆ ಕೊಟ್ಟು, ಜಗಲಿಯಲ್ಲಿ ಕೂತು ಹರಟುತ್ತಿದ್ದರು.

ಕೊನೆಗೊಮ್ಮೆ ಹುಬ್ಬಳ್ಳಿಯ ತಂಡವೊಂದನ್ನು ನನಗೆ ಒಪ್ಪಿಸಿದರು. ಎಲ್ಲೂ ನಿಲ್ಲದೆ ಮಧ್ಯಾಹ್ನದೊಳಗೆ ಜಲಪಾತ ತೋರಿಸುತ್ತೇನೆ ಎಂದು ನಾನು ತಂಡದ ಯಜಮಾನರಿಗೆ ಮಾತು ಕೊಟ್ಟೆ.

ಮೊದಲ ಮನೆಯ ಮುಂದೆ ಕುದುರೆ ನಿಂತಿತು. ಎಳೆದೆ, ತಳ್ಳಿದೆ. ಮನೆಯ ಹೆಂಗಸು ತಂಬಿಗೆ ಹಿಡಿದು ಬರುವವರೆಗೂ ಅದು ಕಾಲು ಕೀಳಲಿಲ್ಲ. ಎರಡನೆಯ ಮನೆಯಲ್ಲಿ ಮಜ್ಜಿಗೆ, ಮೂರನೆಯದರಲ್ಲಿ ಕೋಕಂ, ಮುಂದೆ ಮತ್ತೆ ಮಜ್ಜಿಗೆ. ಬಿಸಿಲು ನೆತ್ತಿಗೇರಿದರೂ ನಾವು ಕಾಡು ಸೇರಿರಲಿಲ್ಲ. ಯಜಮಾನರು ಲೋಟ ಕೆಳಗಿಟ್ಟು ಕೇಳಿದರು: "ಅಲ್ರಿ, ನಾವು ಕಾಡು ನೋಡಾಕ ಬಂದೇವೋ, ಬೀಗರ ಮನಿ ತಿರಗಾಕ ಬಂದೇವೋ?"

ಕೊನೆಯ ಮನೆಯ ಅಜ್ಜಿ, ಹಳ್ಳಕ್ಕೆ ಹಾಕಿದ್ದ ಸಂಕದ ಮರ ಕೊಳೆತು ಬಿದ್ದಿದೆ, ಮೇಲಿನ ದಾರಿ ಹಿಡಿ ಎಂದರು. ಆ ಕಾಲುಸೇತುವೆ ನಂಬಿ ಹೋಗಿದ್ದರೆ ಸಂಜೆಯವರೆಗೆ ಹಳ್ಳದ ಈಚೆ ದಡದಲ್ಲೇ ಕೂರಬೇಕಿತ್ತು.

ಮರುದಿನ ತಿರುಗಿ ಬಂದಾಗ ಭಾವ ಜಲಪಾತದ ಸುದ್ದಿ ಕೇಳಲೇ ಇಲ್ಲ.

"ಎಲ್ಲಾರ ಮನೇಲೂ ನಿಂತ್ಯ?"

"ಕುದ್ರೆ ನಿಲ್ಸ್ತು."

"ಹಂಗಾರೆ ಕುದ್ರೆ ಪಾಸು. ನೀ ಅಲ್ಲ."

ಅದಾದ ಮೇಲೆ ಎಷ್ಟೋ ತಂಡಗಳನ್ನು ಕರೆದುಕೊಂಡು ಹೋದೆ. ಹೊರಡುವಾಗೆಲ್ಲ ಹಗ್ಗ ಕೊಟ್ಟು, ಇದು ಸಾಲ, ನಿನ್ನದಲ್ಲ ಎನ್ನುತ್ತಿದ್ದರು. ಮೂರ್ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ಒಂದು ಬೇಸಿಗೆಯಲ್ಲಿ ಅವರಿಗೆ ಹೊಟ್ಟೆನೋವು ಶುರುವಾಯಿತು. ಮಳೆ ಹಿಡಿಯುವಷ್ಟರಲ್ಲಿ ಅವರಿರಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೂ ನಾನು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕ, ಈ ಕುದುರೆ ನನ್ನ ದಾಸವಾಳವನ್ನೆಲ್ಲ ಮುಗಿಸಿತು, ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದಳು. ಹಗ್ಗ ಗೂಟದ ಮೇಲಿತ್ತು. ಕೊಡುವವರಿರಲಿಲ್ಲ, ನಾನೇ ತೆಗೆದುಕೊಂಡೆ. ಹೇರು ಇಲ್ಲ, ತಂಡವೂ ಇಲ್ಲ.

ಮೊದಲ ಮನೆಯ ಮುಂದೆ ಕುದುರೆ ನಿಂತಿತು. ಆ ಮನೆಯ ಹೆಂಗಸು ತ್ಯಾಗಲಿಯಲ್ಲಿ ಮಗಳ ಬಾಣಂತನ ಮುಗಿಸಿ ಹಿಂದಿನ ದಿನವಷ್ಟೇ ಬಂದಿದ್ದರು. ಬೆಲ್ಲದ ತಟ್ಟೆ ಹಿಡಿದು ನನ್ನ ಹಿಂದೆ ದಾರಿಯತ್ತ ನೋಡಿದರು.

"ಭಾವ ಬೈಂದ್ನಿಲ್ಯ ತಮಾ?"

ಬಂದಿಲ್ಲ ಎಂದೆ. ಅಷ್ಟಕ್ಕೇ ಹೊರಡಬಹುದಿತ್ತು. ಕುದುರೆ ಕದಲಲಿಲ್ಲ. ಜಗಲಿಯಲ್ಲಿ ಕೂತು ಪೂರ್ತಿ ಹೇಳಿದೆ. ಭಾವ ಹೋದರು ಎಂದು ನನ್ನ ಬಾಯಿಂದ ಬಂದಿದ್ದು ಅದೇ ಮೊದಲು. ಮುಂದಿನ ಮನೆಗಳವರಿಗೆ ಸುದ್ದಿ ಗೊತ್ತಿತ್ತು. ಆದರೂ ಹೇಗಾಯಿತು ಎಂದು ಮೊದಲಿನಿಂದ ಕೇಳಿದರು. ಪ್ರತಿ ಮನೆಯಲ್ಲೂ ಹೇಳಿದೆ, ಪ್ರತಿ ಮನೆಯಲ್ಲೂ ಕುಡಿದೆ. ಒಬ್ಬರು ಅಳುತ್ತಲೇ ಎರಡನೆಯ ಲೋಟ ಸುರಿದರು, ಬೇಡವೆನ್ನಲಾಗಲಿಲ್ಲ. ನನ್ನ ಹೊಟ್ಟೆಯೂ ಕುದುರೆಯ ಹೊಟ್ಟೆಯಂತೆ ಉಬ್ಬಿತ್ತು.

ಕೊನೆಯ ಮನೆಯ ಅಜ್ಜಿ ಅಂಗಳದಲ್ಲೇ ಇದ್ದರು. ಅವರನ್ನು ಕಂಡು ನಾನು ನಿಂತೆ. ಕುದುರೆ ಇನ್ನೂ ನಡೆಯುತ್ತಿತ್ತು. ಹಗ್ಗ ಬಿಗಿದು, ಇದೇನೆಂದು ತಿರುಗಿ ನೋಡಿತು.

ಅಜ್ಜಿ ಏನನ್ನೂ ಕೇಳಲಿಲ್ಲ. ಬೆಲ್ಲ ತಂದುಕೊಟ್ಟು ಹೇಳಿದರು: "ನೀ ಇನ್ನೂ ಪಾಸಾಯ್ದಿಲ್ಲೆ ಹೇಳಿ ನಿನ್ನ ಭಾವ ಇಲ್ಲಿ ಕೂತು ನಗ್ಯಾಡ್ತಿದ್ದ."

"ಈಗ ಆತು ಕಾಣ್ತು ಅಜ್ಜಿ," ಎಂದೆ.

ಬೆಲ್ಲದಲ್ಲಿ ಅರ್ಧ ಮುರಿದು ಕುದುರೆಯ ಕಡೆ ಚಾಚಿದೆ. ಅದು ಉಳಿದರ್ಧವಿದ್ದ ಕೈಗೇ ಬಾಯಿ ಹಾಕಿತು.