ಹದಿನೈದನೆಯ ಹುಡುಗಿ

ಕಾಲೇಜಿನ ಸರ್ ಮನೆಗೆ ಬಂದು, ಚಾಪೆಯ ಮೇಲೆ ಕೂತು ಚಹಾ ಕುಡಿದು ಹೋದರೆ ಮುಗಿಯಿತು, ಆ ಮನೆಯ ಮಗಳ ಮೂರು ವರ್ಷ ಅಲ್ಲೇ ತೀರ್ಮಾನವಾದಂತೆ. ಗಿಣಿಗೇರಾದ ಶಬ್ಬೀರಸಾಬರ ಮನೆಯಲ್ಲಿ ಹೋದ ವರ್ಷ ಜೂನ್ ತಿಂಗಳಲ್ಲಿ ಆದದ್ದು ಅದೇ.

ಬಂದವರು ಗಾಳೇಶ. ಕೊಪ್ಪಳದ ಒಂದು ಖಾಸಗಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ವಿಭಾಗದ ಮುಖ್ಯಸ್ಥರು. ಪಿಯುಸಿ ಪಾಸಾದವರ ಪಟ್ಟಿ ಹಿಡಿದು ಊರೂರು ತಿರುಗುವುದು ಅವರ ನೌಕರಿಯ ಭಾಗ. ಹದಿನೈದು ಮಕ್ಕಳು ಸೇರದಿದ್ದರೆ ವಿಭಾಗದ ಮೊದಲ ವರ್ಷಕ್ಕೆ ಬೀಗ. ಈ ಮಾತನ್ನು ಮಾತ್ರ ಅವರು ಯಾವ ಮನೆಯಲ್ಲೂ ಆಡುತ್ತಿರಲಿಲ್ಲ.

ಶಬ್ಬೀರಸಾಬರ ಮಗಳು ಶಮಾ ನೀಟ್ ಬರೆದು ಸೀಟು ಸಿಗದೆ ಕೂತಿದ್ದಳು. ಮತ್ತೆ ಬರೆಯುವ ಹಟ. ಸುಮ್ಮನೆ ಕೂತರೆ ಮದುವೆಯ ಮಾತು ಎತ್ತುವವರಿದ್ದರು, ಅದಕ್ಕೇ ಡಿಗ್ರಿಗೆ ಸೇರಿ ಜೊತೆಜೊತೆಗೆ ಓದಬೇಕೆಂದುಕೊಂಡಿದ್ದಳು. ಭೌತಶಾಸ್ತ್ರ ಅವಳಿಗೆ ಕೈಕೊಟ್ಟ ವಿಷಯ. ಅದನ್ನು ಗಟ್ಟಿ ಮಾಡಿಕೊಳ್ಳಲೆಂದು ಅದು ಇರುವ ಕಾಂಬಿನೇಷನ್ನಿಗೇ ಗುರುತು ಹಾಕಿಟ್ಟಿದ್ದಳು.

“ಫಿಸಿಕ್ಸ್ ತಗೊಂಡು ಏನ್ ಮಾಡ್ತಾಳ್ರಿ ಸಾಹೇಬ್ರ?” ಎಂದರು ಗಾಳೇಶ. “ಡಾಕ್ಟರ್ ಆಗೋರು ಓದೋದ ಬಯೋಕೆಮಿಸ್ಟ್ರಿ. ಇದನ್ನ ತಗೊಂಡ್ರ ನೀಟ್ ಅರ್ಧ ಮುಗದಂಗ. ನಾ ಅದೀನಲ್ಲ.”

ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಶಬ್ಬೀರಸಾಬರಿಗೆ ಅಷ್ಟು ಓದಿದವರು ಮನೆಗೆ ಬಂದದ್ದೇ ದೊಡ್ಡದಾಗಿತ್ತು. “ಸರ್ ಹೇಳ್ಯಾರ ಬೇಟಿ, ಅದನ್ನ ತಗೋ,” ಎಂದುಬಿಟ್ಟರು.

ಮೂರು ವಾರದಲ್ಲಿ ಶಮಾಗೆ ಮೋಸ ಗೊತ್ತಾಯಿತು. ತರಗತಿಯಲ್ಲಿ ಹೇಳುತ್ತಿದ್ದ ಕಿಣ್ವಗಳ ಸಮೀಕರಣ ನೀಟ್‌ನಲ್ಲಿ ಬರುವುದಲ್ಲ. ನೀಟ್ ಕೇಳುವುದು ಪಿಯುಸಿ ಪಾಠ. ಅದರಲ್ಲಿ ನೂರಾ ಎಂಬತ್ತು ಅಂಕ ಭೌತಶಾಸ್ತ್ರದ್ದು, ಅದೇ ಅವಳ ವೇಳಾಪಟ್ಟಿಯಲ್ಲಿ ಇಲ್ಲ. ಕಾಂಬಿನೇಷನ್ ಬದಲಿಸಲು ಇನ್ನೂ ಒಂಬತ್ತು ದಿನವಿತ್ತು. ಬೇಕಾದದ್ದು ಗಾಳೇಶರ ಒಂದು ಸಹಿ.

ಎಂಟು ದಿನ “ನಾಳಿ ಬಾ” ಎಂದರು. ಒಂಬತ್ತನೆಯ ದಿನ ರಜೆ ಹಾಕಿ, ಮೊಬೈಲಿಗೆ ಧ್ವನಿ ಸಂದೇಶ ಕಳಿಸಿದರು: “ತಾರೀಖು ಮುಂದ ಹಾಕ್ಯಾರವಾ. ಗಾಬರಿ ಆಗಬ್ಯಾಡ, ಸೋಮವಾರ ಮಾಡಿಕೊಡ್ತೀನಿ.”

ತಾರೀಖು ಎಲ್ಲಿಯೂ ಮುಂದೆ ಹೋಗಿರಲಿಲ್ಲ. ಸೋಮವಾರ ಆಫೀಸಿನ ಗುಮಾಸ್ತ ಯಮನೂರ ಇದ್ದದ್ದು ಹೇಳಿದ: “ನೀ ಹೋದ್ರ ಹದಿನಾಲ್ಕ ಮಂದಿ ಉಳಿತಾರ. ಅವರು ಹೆಂಗ ಸಹಿ ಮಾಡ್ತಾರ?”

ವರ್ಷ ಕಳೆದು, ಈ ವರ್ಷದ ನೀಟ್‌ನಲ್ಲಿ ಅವಳಿಗೆ ಜೀವಶಾಸ್ತ್ರದಲ್ಲಿ ಮುನ್ನೂರರ ಮೇಲೆ ಬಂದಿತ್ತು. ಭೌತಶಾಸ್ತ್ರದಲ್ಲಿ ಹತ್ತೊಂಬತ್ತು. ಪ್ರಿನ್ಸಿಪಾಲರ ಬಳಿ ಹೋದಳು. ತಡವಾದದ್ದು ತಮ್ಮಿಂದ ಎಂದು ಗಾಳೇಶರು ಬರೆದುಕೊಟ್ಟರೆ ಈಗಲಾದರೂ ಬದಲಿಸಬಹುದು ಎಂದರು. ಗಾಳೇಶರು ಅವಳ ಫೋನು ಎತ್ತುವುದನ್ನೇ ಬಿಟ್ಟರು.

ಶಮಾ ಅಳಲಿಲ್ಲ. ಮತ್ತೆ ಜೂನ್ ಬಂದಿತ್ತು. ಈ ಸಲದ ಪಟ್ಟಿಯಲ್ಲಿ ಗಿಣಿಗೇರಾದ ಹನ್ನೊಂದು ಮನೆ ಇವೆ ಎಂದು ಯಮನೂರನಿಂದ ತಿಳಿದುಕೊಂಡು, ಒಂದೊಂದೂ ಹೆಸರು ಬರೆದುಕೊಂಡಳು.

ಅದರಲ್ಲಿ ಮೊದಲನೆಯ ಮನೆ ಹಂಪವ್ವನದು. ಗಾಳೇಶರು ಅದರ ಕಟ್ಟೆ ಹತ್ತಿದಾಗ ಅವಳು ಆಗಲೇ ಒಳಗೆ ಕೂತಿದ್ದಳು. ಹಂಪವ್ವನ ಮೊಮ್ಮಗಳು ರೂಪಾಳಿಗೂ ಡಾಕ್ಟರ್ ಆಗುವ ಆಸೆ.

“ಮೊದಲ ನಿಮ್ಮ ಬಯೋಕೆಮಿಸ್ಟ್ರಿ ಮಾತು ಹೇಳ್ರಿ ಸರ್,” ಎಂದಳು ಶಮಾ. “ಆಮ್ಯಾಲ ನಾ ಒಂದು ಕೇಳಸ್ತೀನಿ.”

ಗಾಳೇಶರು ಚಪ್ಪಲಿ ಹುಡುಕಿದರು. ಮೊಬೈಲಿನಿಂದ ಅವರದೇ ದನಿ ಹೊರಟಿತು, ತಾರೀಖು ಮುಂದ ಹಾಕ್ಯಾರವಾ. ಪಕ್ಕದಲ್ಲಿ ಅವಳು ಅಂಕಪಟ್ಟಿ ಇಟ್ಟಳು.

ಹಂಪವ್ವ ಚಹಾದ ಬಟ್ಟಲನ್ನು ಹಾಗೇ ಹಿಂದಕ್ಕೆ ಎಳೆದುಕೊಂಡಳು. “ನಮ್ಮ ಹುಡುಗಿ ನಿಮಗ ಎಷ್ಟನೇದ್ರಿ ಮಾಸ್ತರ? ಹದಿನಾಲ್ಕನೇದ, ಹದಿನೈದನೇದ?”

ಗಾಳೇಶ ಅಂಗಳಕ್ಕೆ ಬಂದು ಶಮಾಳನ್ನು ಕರೆದರು. ದನಿ ತಗ್ಗಿತ್ತು. “ನೋಡವಾ, ನನಗೂ ಮನಿ ಐತಿ, ಮಕ್ಕಳದಾವ. ಆ ಪತ್ರ ಇವತ್ತ ಬರದು ಕೊಡ್ತೀನಿ. ನಿನಗ ಫಿಸಿಕ್ಸ್ ಸಿಗತೈತಿ. ಉಳದ ಮನಿಗೆ ಹೋಗಬ್ಯಾಡ.”

ಅವಳು ಬೇಡಿ ಸಿಗದಿದ್ದ ಪತ್ರ. ಶಮಾ ಹಿಂದಕ್ಕೆ ತಿರುಗಿದಳು. ಬಾಗಿಲಲ್ಲಿ ರೂಪಾ ನೋಡುತ್ತಿದ್ದಳು.

“ಬ್ಯಾಡ್ರಿ ಸರ್. ನನ್ನ ವರ್ಷ ಹೋದ್ರ ಹೋಗಲಿ. ನಿಮಗ ಹದಿನೈದು ಆಗಬಾರದು.”

ಹನ್ನೊಂದು ಮನೆಯನ್ನೂ ಮುಗಿಸಿದಳು. ಅವರ ಬೈಕಿಗಿಂತ ಅವಳ ಕಾಲುಗಳು ಮುಂದಿದ್ದವು. ಗಿಣಿಗೇರಾದಿಂದ ಒಬ್ಬರೂ ಆ ಕಾಂಬಿನೇಷನ್ನಿಗೆ ಹೋಗಲಿಲ್ಲ. ಒಟ್ಟು ಒಂಬತ್ತು ಜನ ಸೇರಿದರು, ಮೊದಲ ವರ್ಷಕ್ಕೆ ಬೀಗ ಬಿತ್ತು. ಅವಳು ಅತಿ ಮಾಡಿದಳು ಎಂದು ಕಾಲೇಜಿನವರು ಹೇಳುತ್ತಾರೆ. ಒಂಬತ್ತು ದಿನ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದನ್ನು ಮಾತ್ರ ಅವರಲ್ಲಿ ಒಬ್ಬರೂ ಅತಿ ಅನ್ನಲಿಲ್ಲ.

ಶಮಾಗೆ ಭೌತಶಾಸ್ತ್ರ ಸಿಗಲಿಲ್ಲ. ಎರಡನೆಯ ವರ್ಷದ ತರಗತಿಯಲ್ಲಿ ಅವಳು ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಗಾಳೇಶರು ಪಾಠ ಮಾಡುವಷ್ಟು ಹೊತ್ತೂ ಪಿಯುಸಿ ಭೌತಶಾಸ್ತ್ರದ ಪುಸ್ತಕ ತೆರೆದಿಟ್ಟುಕೊಂಡು ಲೆಕ್ಕ ಬಿಡಿಸುತ್ತಾಳೆ. ಅವರು ನೋಡುತ್ತಾರೆ. ಮುಚ್ಚು ಅನ್ನುವುದಿಲ್ಲ.